ಭಾನುವಾರದ ಪ್ರಾರ್ಥನೆ, ಶನಿವಾರದ ಪರೀಕ್ಷೆ

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆಗಸ್ಟ್ ಎಂದರೆ ಮಕ್ಕಳನ್ನು ಕಾಲೇಜಿಗೆ ಬಿಟ್ಟು ಬರುವ ತಿಂಗಳು. ಹದಿನೆಂಟು ತುಂಬಿದ ಮಗಳ ಪೆಟ್ಟಿಗೆಯಲ್ಲಿ ತಾಯಿ ಹೊದಿಕೆ, ಔಷಧಿ, ಒಂದಿಷ್ಟು ತಿಂಡಿ ತುಂಬಿಸುತ್ತಾಳೆ. ಚರ್ಚಿಗೆ ತಪ್ಪದೆ ಹೋಗುವ ಮನೆಯಾದರೆ ಬಟ್ಟೆಗಳ ನಡುವೆ ಒಂದು ಬೈಬಲ್ ಕೂಡಾ ಇರುತ್ತದೆ. ಅದು ಪೆಟ್ಟಿಗೆಯಿಂದ ಹೊರಬಂದು ಮಗಳ ಮೇಜಿನ ಮೇಲೆ ಸ್ಥಾನ ಪಡೆಯುತ್ತದೆಯೇ ಅಥವಾ ನಾಲ್ಕು ವರ್ಷವೂ ಪೆಟ್ಟಿಗೆಯ ತಳದಲ್ಲೇ ಉಳಿಯುತ್ತದೆಯೇ ಎಂಬುದು ಆ ತಾಯಿಗೆ ತಿಳಿಯದು. ಮಗಳು 'ಸೊರೊರಿಟಿ' ಸೇರುವವಳಾದರೆ ಈ ಚಿಂತೆ ಇನ್ನೂ ಹೆಚ್ಚು.

ಮಕ್ಕಳನ್ನು ದೂರದ ಊರಿನ ಹಾಸ್ಟೆಲಿಗೆ ಬಿಟ್ಟು ಬಂದ ಯಾವ ತಾಯಿಗೂ ಈ ಚಿಂತೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಧರ್ಮ ಬೇರೆಯಿರಬಹುದು, ಹೊಟ್ಟೆಯೊಳಗಿನ ಸಂಕಟ ಒಂದೇ. ಆದ್ದರಿಂದ ಈ ಸಲ ಆ ದೇಶದ ಕ್ರೈಸ್ತ ಹುಡುಗ ಹುಡುಗಿಯರು ಫ್ರೆಟರ್ನಿಟಿ ಮತ್ತು ಸೊರೊರಿಟಿಗಳೊಳಗೆ ತಮ್ಮ ನಂಬಿಕೆಯನ್ನು ಹೇಗೆ ಬದುಕುತ್ತಾರೆ ಎಂಬುದನ್ನು ನೋಡೋಣ. ಅವರ ನಂಬಿಕೆಗೂ ನಮ್ಮದಕ್ಕೂ ಮೂಲಭೂತವಾದ ವ್ಯತ್ಯಾಸಗಳಿವೆ. ಆದರೆ ಅವರ ಮುಂದಿರುವ ಪ್ರಶ್ನೆ ನಮಗೆ ಪರಕೀಯವಲ್ಲ.

ಮೊದಲಿಗೆ ಇವು ಏನೆಂದು ತಿಳಿದುಕೊಳ್ಳೋಣ. ಲ್ಯಾಟಿನ್ ಭಾಷೆಯಲ್ಲಿ 'ಫ್ರಾಟರ್' ಎಂದರೆ ಸಹೋದರ, 'ಸೊರೊರ್' ಎಂದರೆ ಸಹೋದರಿ. ಫ್ರೆಟರ್ನಿಟಿ ಹುಡುಗರ ಸಂಘ, ಸೊರೊರಿಟಿ ಹುಡುಗಿಯರ ಸಂಘ. ಗ್ರೀಕ್ ಅಕ್ಷರಗಳೇ ಇವುಗಳ ಹೆಸರು. ಇಂತಹ ಮೊದಲ ಸಂಘ 'ಫೈ ಬೀಟಾ ಕಪ್ಪಾ' 1776ರ ಡಿಸೆಂಬರ್ 5ರಂದು ವರ್ಜೀನಿಯಾದ ವಿಲಿಯಂ ಆ್ಯಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿತು. ಇಂದು ಬಹಳಷ್ಟು ಸಂಘಗಳಿಗೆ ಕಾಲೇಜಿನ ಪಕ್ಕದಲ್ಲೇ ಸ್ವಂತ ಮನೆಗಳಿವೆ. ಸದಸ್ಯರು ಅಲ್ಲಿ ಒಟ್ಟಿಗೆ ವಾಸಿಸುತ್ತಾರೆ, ಒಟ್ಟಿಗೆ ಉಣ್ಣುತ್ತಾರೆ. ಹಾಸ್ಟೆಲಿನಂತೆ ಶುಲ್ಕ ಕಟ್ಟಿದರೆ ಕೋಣೆ ಸಿಗುವುದಿಲ್ಲ, ಮನೆಯವರು ನಿಮ್ಮನ್ನು ಆರಿಸಬೇಕು. ಓದು ಮುಗಿದ ಮೇಲೂ ಆ ಸಂಬಂಧ ಮುಂದುವರಿಯುತ್ತದೆ, ನೌಕರಿ ಸಿಗುವಲ್ಲಿಯೂ ನೆರವಿಗೆ ಬರುತ್ತದೆ. ಹೀಗಿರುವಾಗ ಮನೆಯಿಂದ ಮೊದಲ ಬಾರಿ ಹೊರಬಂದ ಮಗುವಿಗೆ 'ನೀನು ನಮ್ಮವಳು' ಎಂಬ ಮಾತು ಎಷ್ಟು ಸಿಹಿಯಾಗಿ ಕೇಳಿಸಬಹುದು, ಊಹಿಸಿ.

ಹೆಣ್ಣುಮಕ್ಕಳ ಸಂಘದ ಹುಟ್ಟಿನ ಕಥೆ ನಮ್ಮ ಓದುಗರಿಗೆ ಇಷ್ಟವಾದೀತು. ಇಂಡಿಯಾನಾ ರಾಜ್ಯದ ಗ್ರೀನ್‌ಕ್ಯಾಸಲ್ ಎಂಬ ಊರಿನಲ್ಲಿ ಮೆಥಡಿಸ್ಟ್ ಚರ್ಚಿನವರು ಸ್ಥಾಪಿಸಿದ್ದ ಕಾಲೇಜೊಂದು 1867ರಲ್ಲಿ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಹುಡುಗರ ಸಂಘವೊಂದು ಬೆಟ್ಟಿ ಲಾಕ್ ಎಂಬ ವಿದ್ಯಾರ್ಥಿನಿಗೆ ತನ್ನ ಬ್ಯಾಡ್ಜ್ ಧರಿಸುವಂತೆ ಹೇಳಿತು. ಆದರೆ ಪೂರ್ಣ ಸದಸ್ಯತ್ವ ಕೊಡಲು ತಯಾರಿರಲಿಲ್ಲ. ಸದಸ್ಯತ್ವವಿಲ್ಲದ ಅಲಂಕಾರ ತನಗೆ ಬೇಡವೆಂದು ಆಕೆ, ಗೆಳತಿಯರನ್ನು ಸೇರಿಸಿಕೊಂಡು, 1870ರ ಜನವರಿಯಲ್ಲಿ 'ಕಪ್ಪಾ ಆಲ್ಫಾ ಥೀಟಾ' ಆರಂಭಿಸಿದಳು. ಗ್ರೀಕ್ ಅಕ್ಷರದ ಹೆಸರಿನ ಮೊದಲ ಮಹಿಳಾ ಸಂಘ ಅದು.

ಇಂತಹ ಸಂಘಗಳಲ್ಲಿ ಧರ್ಮ ಹೊರಗಿನಿಂದ ಬಂದ ಅತಿಥಿಯಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 1848ರಲ್ಲಿ 'ಫೈ ಡೆಲ್ಟಾ ಥೀಟಾ' ಕಟ್ಟಿದ ರಾಬರ್ಟ್ ಮಾರಿಸನ್ ಮುಂದೆ ಪಾದ್ರಿಯಾದವರು. ಅಮೆರಿಕದ ಅಂತರ್ಯುದ್ಧ ಮುಗಿದ 1865ರಲ್ಲಿ 'ಆಲ್ಫಾ ಟೌ ಒಮೆಗಾ' ಸ್ಥಾಪಿಸಿದ ಓಟಿಸ್ ಗ್ಲೇಜ್‌ಬ್ರೂಕ್ ಕೂಡಾ ಪಾದ್ರಿಯಾದರು. ಯುದ್ಧದಲ್ಲಿ ಒಡೆದುಹೋಗಿದ್ದ ಉತ್ತರ, ದಕ್ಷಿಣದ ಯುವಕರನ್ನು ಕ್ರೈಸ್ತ ಸಹೋದರತ್ವದ ಮೂಲಕ ಮತ್ತೆ ಬೆಸೆಯಬೇಕೆಂಬುದು ಅವರ ಆಶಯವಾಗಿತ್ತು. 1905ರಲ್ಲಿ ಮಿಸೌರಿಯಲ್ಲಿ ಹುಟ್ಟಿದ 'ಫಾರ್ಮ್‌ಹೌಸ್' ಸಂಘದ ಮೂಲ ಬೈಬಲ್ ತರಗತಿಯೊಂದರಲ್ಲಿದೆ. ಇಂದಿಗೂ ಅನೇಕ ಸಂಘಗಳಲ್ಲಿ 'ಚಾಪ್ಲಿನ್' ಎಂಬ ಹುದ್ದೆಯಿದೆ. ಸದಸ್ಯರಲ್ಲೇ ಒಬ್ಬರು ಆ ಸ್ಥಾನಕ್ಕೆ ಆಯ್ಕೆಯಾಗಿ ಸಭೆಗೆ ಮೊದಲು ಪ್ರಾರ್ಥನೆ ಹೇಳುತ್ತಾರೆ.

ಹಾಗಾದರೆ ಕ್ರೈಸ್ತ ವಿದ್ಯಾರ್ಥಿಗೆ ಅಲ್ಲಿ ಸಮಸ್ಯೆಯಾದರೂ ಏನು? ಸಭೆಯ ಪ್ರಾರ್ಥನೆಗೆ ಯಾರ ಅಡ್ಡಿಯೂ ಇಲ್ಲ. ಭಾನುವಾರ ಚರ್ಚಿಗೆ ಹೋದರೆ ಯಾರೂ ಪ್ರಶ್ನಿಸುವುದಿಲ್ಲ. ಪರೀಕ್ಷೆ ನಡೆಯುವುದು ಅದರ ಹಿಂದಿನ ದಿನ, ಶನಿವಾರದ ರಾತ್ರಿ.

ಅಮೆರಿಕದಲ್ಲಿ ಮದ್ಯ ಖರೀದಿಸಲು 21 ವರ್ಷವಾಗಿರಬೇಕು. ದೇಶದ 26 ದೊಡ್ಡ ಸೊರೊರಿಟಿಗಳ ಒಕ್ಕೂಟಕ್ಕೆ ಸೇರಿದ ಮನೆಗಳಲ್ಲಿ ಮದ್ಯಕ್ಕೆ ಅವಕಾಶವಿಲ್ಲ. ಕೇಳಲು ಒಳ್ಳೆಯ ನಿಯಮ. ಆದರೆ ಇದರ ಫಲವಾಗಿ ಕುಡಿತದ ಕೂಟಗಳು ಹುಡುಗರ ಫ್ರೆಟರ್ನಿಟಿ ಮನೆಗಳಲ್ಲಿ ನಡೆಯುತ್ತವೆ, ಹುಡುಗಿಯರು ಅಲ್ಲಿಗೆ ಹೋಗುತ್ತಾರೆ. ಮನೆ ಅವರದು, ಗ್ಲಾಸು ತುಂಬಿಸುವವರೂ ಅವರೇ. ಹೊಸದಾಗಿ ಬಂದ ಹುಡುಗಿಗೆ 'ಬೇಡ' ಎನ್ನುವ ಧೈರ್ಯ ಎಲ್ಲಿಂದ ಬರಬೇಕು?

ಹುಡುಗರಿಗಂತೂ ಹೊಸ ಸದಸ್ಯರ ಮೇಲೆ ನಡೆಯುವ ರ್ಯಾಗಿಂಗ್‌ನ ಕಾಟ. 2017ರ ಫೆಬ್ರವರಿಯಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದ ಫ್ರೆಟರ್ನಿಟಿ ಮನೆಯೊಂದರಲ್ಲಿ ಹೊಸದಾಗಿ ಸೇರಿದ 19ರ ಹರೆಯದ ಹುಡುಗನೊಬ್ಬ, ವಿಪರೀತ ಕುಡಿಸಲ್ಪಟ್ಟು, ಮೆಟ್ಟಿಲಿನಿಂದ ಬಿದ್ದ. ಸುಮಾರು 12 ಗಂಟೆಗಳ ಕಾಲ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಆತ ಬದುಕುಳಿಯಲಿಲ್ಲ. ಸುತ್ತ ಇದ್ದವರೆಲ್ಲ ಅವನನ್ನು 'ಸಹೋದರ' ಎಂದು ಕರೆದವರು! ಇಂತಹ ಅನೇಕ ಸಾವುಗಳ ಬಳಿಕ, ರ್ಯಾಗಿಂಗ್ ಪ್ರಕರಣಗಳನ್ನು ಕಾಲೇಜುಗಳು ಬಹಿರಂಗಪಡಿಸಲೇಬೇಕೆಂಬ ಕಾನೂನು ಇಡೀ ಅಮೆರಿಕಕ್ಕೆ ಅನ್ವಯಿಸುವಂತೆ 2024ರ ಡಿಸೆಂಬರ್‌ನಲ್ಲಿ ಬಂತು. ಆದರೆ ಮಧ್ಯರಾತ್ರಿಯ ಹೊತ್ತು 'ಸಾಕು, ನಿಲ್ಲಿಸಿ, ಡಾಕ್ಟರನ್ನು ಕರೆಯೋಣ' ಎನ್ನುವ ಒಬ್ಬನಾದರೂ ಕೋಣೆಯೊಳಗೆ ಇಲ್ಲದಿದ್ದರೆ ಕಾನೂನು ಏನು ಮಾಡೀತು?

ಇಂತಹ ವಾತಾವರಣದಲ್ಲಿ ನಂಬಿಕೆಯುಳ್ಳ ವಿದ್ಯಾರ್ಥಿಯ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು, ಅಡಗಿಸಿಕೊಳ್ಳುವುದು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದುಕೊಂಡು ಎಲ್ಲರಂತೆ ಇದ್ದುಬಿಡುವುದು. ರಜೆಯಲ್ಲಿ ಮನೆಗೆ ಹೋದಾಗ ಅಪ್ಪ ಅಮ್ಮನ ಜೊತೆ ಚರ್ಚಿಗೆ ಹೋಗುವುದು, ಕಾಲೇಜಿಗೆ ಮರಳಿದಾಗ ಮರೆತುಬಿಡುವುದು. ಬಹಳ ಸುಲಭದ ದಾರಿ. ಇದರಲ್ಲಿ ಹೊರಗಿನವರೊಂದಿಗೆ ಜಗಳವಿಲ್ಲ, ಆದರೆ ಒಳಗೆ ನೆಮ್ಮದಿಯೂ ಇರುವುದಿಲ್ಲ. ಒಂದು ಮುಖ ಮನೆಗೆ, ಇನ್ನೊಂದು ಮುಖ ಗೆಳೆಯರಿಗೆ ಎಂದು ನಾಲ್ಕು ವರ್ಷ ಕಳೆದವನಿಗೆ ತನ್ನ ನಿಜವಾದ ಮುಖ ಯಾವುದೆಂಬುದೇ ಮರೆತುಹೋಗುವ ಅಪಾಯವಿದೆ.

ಎರಡನೆಯದು, ತಮ್ಮದೇ ಮನೆ ಕಟ್ಟಿಕೊಳ್ಳುವುದು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ 1925ರಲ್ಲಿ 'ಆಲ್ಫಾ ಡೆಲ್ಟಾ ಕೈ' ಎಂಬ ಕ್ರೈಸ್ತ ಸೊರೊರಿಟಿ, 1927ರಲ್ಲಿ 'ಆಲ್ಫಾ ಗಾಮಾ ಒಮೆಗಾ' ಎಂಬ ಕ್ರೈಸ್ತ ಫ್ರೆಟರ್ನಿಟಿ ಆರಂಭವಾದವು. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಆಸ್ಟಿನ್ ಕ್ಯಾಂಪಸ್ಸಿನಲ್ಲಿ 1985ರಲ್ಲಿ ಹುಡುಗರಿಗಾಗಿ 'ಬೀಟಾ ಅಪ್ಸಿಲಾನ್ ಕೈ', 1988ರಲ್ಲಿ ಹುಡುಗಿಯರಿಗಾಗಿ 'ಸಿಗ್ಮಾ ಫೈ ಲ್ಯಾಮ್ಡಾ' ಬಂದವು. ಒಳಗೆ ಜಾಗ ಸಿಗದೆ ಸ್ವಂತ ಮನೆ ಕಟ್ಟಿದವರೂ ಇದ್ದಾರೆ. ಯಹೂದಿ ಯುವಕರ 'ಝೀಟಾ ಬೀಟಾ ಟೌ' ಸಂಘದ ಮೂಲ 1898ಕ್ಕೆ ಹೋಗುತ್ತದೆ. ಕರಿಯ ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ 'ಆಲ್ಫಾ ಫೈ ಆಲ್ಫಾ' ಕಟ್ಟಿದರು. ಪಾದ್ರಿಯೂ ನಾಗರಿಕ ಹಕ್ಕುಗಳ ಹೋರಾಟಗಾರರೂ ಆಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಅದರ ಸದಸ್ಯರಾಗಿದ್ದರು.

ಮುಸ್ಲಿಮರೂ ಈ ದಾರಿಯಲ್ಲಿ ನಡೆದಿದ್ದಾರೆ ಎಂಬುದು ಅನೇಕರಿಗೆ ಹೊಸ ಸುದ್ದಿಯಾಗಿರಬಹುದು. 2005ರಲ್ಲಿ ವರ್ಜೀನಿಯಾದಲ್ಲಿ ಒಬ್ಬ ತಾಯಿ ಮತ್ತು ಮಗಳು ಸೇರಿ 'ಗಾಮಾ ಗಾಮಾ ಕೈ' ಎಂಬ ಇಸ್ಲಾಮೀ ಸೊರೊರಿಟಿ ಆರಂಭಿಸಿದರು. ಟೆಕ್ಸಾಸ್ ವಿಶ್ವವಿದ್ಯಾನಿಲಯದ ಡಲ್ಲಾಸ್ ಕ್ಯಾಂಪಸ್ಸಿನಲ್ಲಿ 2013ರಲ್ಲಿ 'ಆಲ್ಫಾ ಲ್ಯಾಮ್ಡಾ ಮೂ' ಎಂಬ ಹುಡುಗರ ಸಂಘ ಹುಟ್ಟಿತು. ಮದ್ರಸದಲ್ಲಿ ಓದಿದ ಮಗುವಿಗೂ ಈ ಹೆಸರಿನ ಗುಟ್ಟು ಹೊಳೆಯುತ್ತದೆ: ಅಲಿಫ್, ಲಾಮ್, ಮೀಮ್. ಅದೇ ಕ್ಯಾಂಪಸ್ಸಿನಲ್ಲಿ 2016ರಲ್ಲಿ 'ಮೂ ಡೆಲ್ಟಾ ಆಲ್ಫಾ' ಎಂಬ ಮುಸ್ಲಿಮ್ ಸೊರೊರಿಟಿಯೂ ಬಂತು.

ಪ್ರತ್ಯೇಕ ಮನೆಯಿಂದ ರಕ್ಷಣೆಯಿದೆ, ಒಳ್ಳೆಯ ಸಹವಾಸವಿದೆ. ಆದರೆ ಅದರದ್ದೇ ಆದ ತೊಡಕುಗಳೂ ಇವೆ. 'ನಮ್ಮ ನಂಬಿಕೆಯವರಿಗೆ ಮಾತ್ರ ಸದಸ್ಯತ್ವ' ಎಂದಾಗ ವಿಶ್ವವಿದ್ಯಾನಿಲಯದ ತಾರತಮ್ಯ ವಿರೋಧಿ ನಿಯಮ ಅಡ್ಡ ಬರುತ್ತದೆ. ಫ್ಲೋರಿಡಾ ವಿಶ್ವವಿದ್ಯಾನಿಲಯ ಇದೇ ಕಾರಣಕ್ಕೆ ಮಾನ್ಯತೆ ನಿರಾಕರಿಸಿದಾಗ 'ಬೀಟಾ ಅಪ್ಸಿಲಾನ್ ಕೈ' 2007ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. 2009ರಲ್ಲಿ ವಿಶ್ವವಿದ್ಯಾನಿಲಯವೇ ನಿಯಮ ಸಡಿಲಿಸಿತು. ಆದರೆ ಸ್ಯಾನ್‌ಡಿಯಾಗೊದಲ್ಲಿ ಕ್ರೈಸ್ತ ಸಂಘಗಳು ಹೂಡಿದ ಇಂತಹದ್ದೇ ದಾವೆಯಲ್ಲಿ ಮೇಲ್ಮನವಿ ನ್ಯಾಯಾಲಯ 2011ರಲ್ಲಿ ಬೇರೆ ತೀರ್ಪು ನೀಡಿತು. ಅಂತಹ ನಿಯಮ ಸಂವಿಧಾನಕ್ಕೆ ವಿರುದ್ಧವಲ್ಲ, ಆದರೆ ಅದನ್ನು ಎಲ್ಲಾ ಸಂಘಗಳಿಗೂ ಸಮಾನವಾಗಿ ಅನ್ವಯಿಸಲಾಗಿದೆಯೇ ಎಂಬುದನ್ನು ಪರಿಶೀಲಿಸಬೇಕು ಎಂದಿತು. ಎರಡೂ ಕಡೆಯ ವಾದದಲ್ಲಿ ಹುರುಳಿದೆ. ತನ್ನ ನಂಬಿಕೆಯವರೊಂದಿಗೆ ಒಟ್ಟಾಗುವ ಹಕ್ಕು ಯಾರಿಗೆ ಬೇಡ? ಸಾರ್ವಜನಿಕ ಹಣದಲ್ಲಿ ನಡೆಯುವ ಸಂಸ್ಥೆಯಲ್ಲಿ ಎಲ್ಲರಿಗೂ ಬಾಗಿಲು ತೆರೆದಿರಬೇಕೆಂಬುದನ್ನು ಯಾರು ತಾನೇ ಅಲ್ಲಗಳೆದಾರು?

ಮೂರನೆಯ ದಾರಿ ಎಲ್ಲರ ಮನೆಯೊಳಗೇ ಇದ್ದು, ತನ್ನ ನಂಬಿಕೆಯನ್ನು ಬಚ್ಚಿಡದೆ ಬದುಕುವುದು. ಇದು ಎಲ್ಲಕ್ಕಿಂತ ಕಷ್ಟದ್ದು. ಬಿಲ್ ಬ್ರೈಟ್ ಎಂಬವರು 1951ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆರಂಭಿಸಿದ, ಈಗ 'ಕ್ರೂ' ಎಂಬ ಹೆಸರಿರುವ ಕ್ರೈಸ್ತ ಸಂಘಟನೆ ತನ್ನ ಮೊದಲ ದಿನಗಳಲ್ಲೇ ಸೊರೊರಿಟಿ ಮನೆಗಳಿಗೆ ಹೋಗಿತ್ತು. ಇಂದು ಅದರ ಮತ್ತು 'ಇಂಟರ್‌ವಾರ್ಸಿಟಿ'ಯಂತಹ ಸಂಘಟನೆಗಳ ನೆರವಿನಿಂದ ಅನೇಕ ಮನೆಗಳಲ್ಲಿ ವಾರಕ್ಕೊಮ್ಮೆ ಬೈಬಲ್ ಅಧ್ಯಯನ ನಡೆಯುತ್ತದೆ. ನಾಲ್ಕೈದು ಮಂದಿ ಒಂದು ಕೋಣೆಯಲ್ಲಿ ಕುಳಿತು ಓದುತ್ತಾರೆ, ಬಂದವರಿಗೆ ಜಾಗ ಕೊಡುತ್ತಾರೆ.

ಈ ಬಹಿರಂಗತೆಗೆ ಮಿತಿ ಯಾವುದು? ಬೈಬಲಿನ ಮತ್ತಾಯನ ಸುವಾರ್ತೆಯಲ್ಲಿ 'ಪರ್ವತ ಪ್ರಸಂಗ' ಎಂಬ ಪ್ರವಚನವಿದೆ. ಕ್ರೈಸ್ತರು ಅದನ್ನು ಬಹಳ ಗೌರವಿಸುತ್ತಾರೆ. ಅದರಲ್ಲಿ ಒಂದು ಕಡೆ, ಹಚ್ಚಿದ ದೀಪವನ್ನು ಪಾತ್ರೆಯಡಿ ಮುಚ್ಚಿಡಬಾರದು, ನಿಮ್ಮ ಸತ್ಕಾರ್ಯ ಜನರಿಗೆ ಕಾಣಲಿ ಎಂಬ ಆಶಯದ ಉಪದೇಶವಿದೆ. ಸ್ವಲ್ಪ ಮುಂದೆ ಹೋದರೆ, ಜನರು ನೋಡಲೆಂದು ಪ್ರಾರ್ಥಿಸಬೇಡಿ, ಕೋಣೆಯ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿ ಎಂಬ ಅರ್ಥದ ಎಚ್ಚರಿಕೆಯಿದೆ. ಮೇಲ್ನೋಟಕ್ಕೆ ಎರಡೂ ಒಂದಕ್ಕೊಂದು ವಿರುದ್ಧ. ಕೂತು ಯೋಚಿಸಿದರೆ ಹಾಗಿಲ್ಲ. ಕಾಣಬೇಕಾದದ್ದು ಒಳ್ಳೆಯ ನಡತೆ. ಪ್ರದರ್ಶನಕ್ಕೆ ಇಡಬಾರದ್ದು ಭಕ್ತಿ. ತೋರಿಕೆಯ ಆರಾಧನೆಯನ್ನು ಕುರಿತು 'ರಿಯಾ' ಎಂಬ ಪದವನ್ನು ಕೇಳುತ್ತಾ ಬೆಳೆದ ನಮಗೆ ಈ ಎಚ್ಚರಿಕೆ ಹೊಸದಲ್ಲ.

ಇದನ್ನು ಫ್ರೆಟರ್ನಿಟಿ ಮನೆಗೆ ಅನ್ವಯಿಸಿ ನೋಡಿ. ಕುತ್ತಿಗೆಯಲ್ಲಿ ಶಿಲುಬೆ ಧರಿಸಿಕೊಂಡು ಎಲ್ಲರ ಜೊತೆ ಕುಡಿಯುವ ಹುಡುಗನ ನಂಬಿಕೆ ಬಹಿರಂಗವಾಗಿದೆಯೇ? ಕುಡಿದು ಬಿದ್ದವನ ತಲೆಯ ಬಳಿ ನಿಂತು ಪಾಪದ ಕುರಿತು ಉಪನ್ಯಾಸ ಕೊಡುವವನದ್ದು ಬಹಿರಂಗವೇ? ಸೇರುವ ಮೊದಲೇ 'ನಾನು ಕುಡಿಯುವುದಿಲ್ಲ, ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುತ್ತೇನೆ, ಇದು ನಿಮಗೆ ಒಪ್ಪಿಗೆಯಾದರೆ ಸೇರುತ್ತೇನೆ' ಎಂದು ನಗುತ್ತಲೇ ಹೇಳಿಬಿಡುವ ಹುಡುಗಿಯ ದಾರಿ ಬಹಳ ಸ್ವಚ್ಛ. ಮೊದಲೇ ಹೇಳಿದರೆ ಅದು ಪರಿಚಯವಾಗುತ್ತದೆ. ಆರು ತಿಂಗಳ ಮೇಲೆ ಹೇಳಿದರೆ ಜಗಳವಾಗುತ್ತದೆ. ಅವಳು ಕೂಟದಲ್ಲಿ ಬರೀ ಸೋಡಾದ ಗ್ಲಾಸು ಹಿಡಿದು ನಿಲ್ಲುತ್ತಾಳೆ. ಸ್ಥಿಮಿತ ಕಳೆದುಕೊಂಡ ಗೆಳತಿಯನ್ನು ಒಂಟಿಯಾಗಿ ಬಿಡದೆ ಮನೆಗೆ ಕರೆತರುತ್ತಾಳೆ. ಬೆಳಿಗ್ಗೆ ಅವಳಿಗೆ ಒಂದು ಲೋಟ ನೀರು ಕೊಡುತ್ತಾಳೆ, ರಾತ್ರಿಯ ಕಥೆಯನ್ನು ನಾಲ್ಕು ಜನರಿಗೆ ಹೇಳುವುದಿಲ್ಲ. ಕಷ್ಟ ಬಂದಾಗ ಆ ಮನೆಯವರು ಯಾರ ಬಾಗಿಲು ತಟ್ಟುತ್ತಾರೆಂದು ಬೇರೆ ಹೇಳಬೇಕೇ?

ದಾನಿಯೇಲನ ಕಥೆಯೂ ಬೈಬಲಿನಲ್ಲಿದೆ. ಬಾಬಿಲೋನಿಗೆ ಸೆರೆಯಾಗಿ ಒಯ್ಯಲ್ಪಟ್ಟ ಈ ಯುವಕ ಅರಸನ ಅರಮನೆಯಲ್ಲಿ ಅಲ್ಲಿಯ ಭಾಷೆ ಕಲಿತ, ಅವರು ಇಟ್ಟ ಹೆಸರಿನಿಂದಲೇ ಕರೆಯಲ್ಪಟ್ಟ. ಆದರೆ ಅರಸನ ಊಟ ಮತ್ತು ದ್ರಾಕ್ಷಾರಸ ಮುಂದೆ ಬಂದಾಗ, ಹತ್ತು ದಿನ ಕಾಯಿಪಲ್ಯ ಮತ್ತು ನೀರು ಕೊಟ್ಟು ನೋಡಿ ಎಂದು ವಿನಯದಿಂದಲೇ ಕೇಳಿಕೊಂಡ. ಯಾವುದಕ್ಕೆ ಹೊಂದಿಕೊಳ್ಳಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಆತ ಅರಮನೆಯೊಳಗೆ ಮೊದಲೇ ನಿರ್ಧರಿಸಿಕೊಂಡಿದ್ದ. ಓದುವಾಗ ನಮಗೆ ಮಿಸ್ರಿನ ಅಝೀಝನ ಮನೆಯಲ್ಲಿದ್ದ ಪ್ರವಾದಿ ಯೂಸುಫ್(ಅ)ರ ನೆನಪಾಗದೇ ಇರದು.

ಎಲ್ಲಾ ಕ್ರೈಸ್ತರೂ ಈ ಮೂರನೆಯ ದಾರಿಯನ್ನು ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ಗುಪ್ತ ವಿಧಿಗಳು, ರಹಸ್ಯ ಪ್ರತಿಜ್ಞೆಗಳು ಈ ಸಂಘಗಳ ಭಾಗ. ದೇವರಿಗೆ ಮಾತ್ರ ಸಲ್ಲಬೇಕಾದ ನಿಷ್ಠೆಯನ್ನು ಸಂಘಕ್ಕೆ ಕೊಡುವುದು ಸರಿಯೇ ಎಂದು ಕೇಳುವವರಿದ್ದಾರೆ. 1913ರಲ್ಲಿ ಹೊವಾರ್ಡ್ ವಿಶ್ವವಿದ್ಯಾನಿಲಯದಲ್ಲಿ ಕರಿಯ ವಿದ್ಯಾರ್ಥಿನಿಯರು ಕಟ್ಟಿದ 'ಡೆಲ್ಟಾ ಸಿಗ್ಮಾ ಥೀಟಾ'ದ ಲಾಂಛನಗಳಲ್ಲಿ ಪ್ರಾಚೀನ ರೋಮನ್ನರ ದೇವತೆ ಮಿನರ್ವಾ ಇದ್ದಾಳೆ. ಇತ್ತೀಚಿನ ವರ್ಷಗಳಲ್ಲಿ ಕೆಲವು ಮಹಿಳೆಯರು ಇಂತಹ ಕಾರಣಗಳನ್ನು ಕೊಟ್ಟು ತಮ್ಮ ಸೊರೊರಿಟಿಗಳನ್ನು ಬಹಿರಂಗವಾಗಿ ತ್ಯಜಿಸಿದ್ದಾರೆ. ಅದು ಬರೇ ಸಂಕೇತ, ಆರಾಧನೆಯಲ್ಲ, ನಮ್ಮ ಸಂಘದ ಸೇವೆ ನಮ್ಮ ನಂಬಿಕೆಯ ಭಾಗವೇ ಆಗಿದೆ ಎಂದು ಉಳಿದವರು ಉತ್ತರಿಸುತ್ತಾರೆ. ವರ್ಷಗಟ್ಟಲೆ ಕಟ್ಟಿಕೊಂಡ ಗೆಳೆತನವನ್ನು ಮನಸ್ಸಾಕ್ಷಿಗಾಗಿ ಬಿಟ್ಟು ಹೊರಡುವುದು ಸುಲಭವಲ್ಲ. ಸೇರುವ ಮೊದಲೇ 'ನಾನು ಯಾವುದಕ್ಕೆ ಪ್ರತಿಜ್ಞೆ ಮಾಡಲಿದ್ದೇನೆ?' ಎಂದು ಕೇಳಿದ್ದರೆ ಬಹಳಷ್ಟು ನೋವು ತಪ್ಪುತ್ತದೆ.

ಶನಿವಾರದ ಪರೀಕ್ಷೆ ಮದ್ಯದ್ದು ಮಾತ್ರವೆಂದು ತಿಳಿದರೆ ಅರ್ಧ ತಿಳಿದಂತೆ. ಅಲಬಾಮಾ ವಿಶ್ವವಿದ್ಯಾನಿಲಯ ಕರಿಯ ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು 1963ರಲ್ಲಿ. ಐವತ್ತು ವರ್ಷಗಳ ಬಳಿಕ, 2013ರ ಸೆಪ್ಟೆಂಬರ್‌ನಲ್ಲಿ, ಅಲ್ಲಿಯ ವಿದ್ಯಾರ್ಥಿ ಪತ್ರಿಕೆ 'ಕ್ರಿಮ್ಸನ್ ವೈಟ್' ಒಂದು ವರದಿ ಪ್ರಕಟಿಸಿತು. ಎಲ್ಲಾ ಅರ್ಹತೆಗಳಿದ್ದ ಕರಿಯ ಹುಡುಗಿಯನ್ನು ಬಿಳಿಯರ ಸೊರೊರಿಟಿಗಳು ಸೇರಿಸಿಕೊಳ್ಳಲಿಲ್ಲ, ಒಳಗಿನ ವಿದ್ಯಾರ್ಥಿನಿಯರು ಬಯಸಿದರೂ ಹಳೆಯ ಸದಸ್ಯೆಯರು ತಡೆದರು ಎಂಬುದು ಅದರ ಸಾರಾಂಶ. ಅಲಬಾಮಾ ಚರ್ಚುಗಳಿಂದ ತುಂಬಿದ ರಾಜ್ಯ. ಭಾನುವಾರ ಬಿಡದೆ ಪ್ರಾರ್ಥಿಸುವ ಊರಿನಲ್ಲಿ ಈ ಬಾಗಿಲು ಅರ್ಧ ಶತಮಾನ ಬಹುಮಟ್ಟಿಗೆ ಮುಚ್ಚಿಯೇ ಇತ್ತು! ಕೊನೆಗೆ ಒಳಗಿನ ಒಬ್ಬ ವಿದ್ಯಾರ್ಥಿನಿ ತನ್ನ ಹೆಸರು ಹೇಳಿಯೇ ಪತ್ರಿಕೆಯೊಂದಿಗೆ ಮಾತನಾಡಿದಳು. ವಿದ್ಯಾರ್ಥಿಗಳು, ಅಧ್ಯಾಪಕರು ಮೆರವಣಿಗೆ ಮಾಡಿದರು. ವಿಶ್ವವಿದ್ಯಾನಿಲಯ ಆಯ್ಕೆಯ ಅವಧಿಯನ್ನು ಮತ್ತೆ ತೆರೆಯಿತು, ಕರಿಯ ಹುಡುಗಿಯರು ಒಳಗೆ ಬಂದರು.

ನಂಬಿಕೆಯನ್ನು ಬಹಿರಂಗಪಡಿಸುವುದು ಎಂದರೆ ಬೈಬಲ್ ಅಧ್ಯಯನದ ಚೀಟಿಯನ್ನು ಗೋಡೆಗೆ ಅಂಟಿಸುವುದು ಎಂದುಕೊಂಡವರಿಗೆ ಈ ಘಟನೆಯಲ್ಲಿ ದೊಡ್ಡ ಪಾಠವಿದೆ. ತನ್ನವರೇ ಅನ್ಯಾಯ ಮಾಡುವಾಗ ಮೌನವಾಗಿರುವ ನಂಬಿಕೆಯನ್ನು ಯಾರು ತಾನೇ ಗೌರವಿಸುತ್ತಾರೆ?

ಸಹೋದರಿಯರೇ, ನಮ್ಮವರ ಮಕ್ಕಳು ಕೂಡಾ ಆ ದೇಶದ ಕಾಲೇಜುಗಳಲ್ಲಿ ಓದುತ್ತಿದ್ದಾರೆ. ಅಲ್ಲಿ ಅವರ ಕೋಣೆಯ ಸಂಗಾತಿ ಇಂತಹ ಒಬ್ಬ ಕ್ರೈಸ್ತ ಹುಡುಗಿಯಾಗಿರಬಹುದು. ಮಗಳು ಫೋನ್ ಮಾಡಿ, 'ಅಮ್ಮ, ಇಲ್ಲಿ ಪಾರ್ಟಿಗೆ ಹೋದರೂ ಕುಡಿಯದವರು ನಾವಿಬ್ಬರೇ' ಎಂದರೆ ಗಾಬರಿಯಾಗಬೇಡಿ. ಆ ಹುಡುಗಿಯ ಬಗ್ಗೆ ಎರಡು ಒಳ್ಳೆಯ ಮಾತು ಕೇಳಿ, ಅವಳ ತಾಯಿಗೆ ಸಲಾಮು ಹೇಳಿಕಳುಹಿಸಿ. ತನ್ನ ಧರ್ಮದಲ್ಲಿ ಪ್ರಾಮಾಣಿಕವಾಗಿರುವ ಗೆಳತಿ, ಯಾವ ಧರ್ಮವೂ ಬೇಡವೆನ್ನುವ ಗುಂಪಿಗಿಂತ ನಿಮ್ಮ ಮಗಳ ನಮಾಝಿನ ಹೊತ್ತನ್ನು ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾಳೆ.

ಮಕ್ಕಳು ಮನೆ ಬಿಡುವ ಮುನ್ನ ತಾಯಂದಿರು ಮಾಡಬಹುದಾದ ಕೆಲಸವೊಂದಿದೆ. 'ಹಾಗೆ ಮಾಡಬೇಡ, ಹೀಗೆ ಮಾಡಬೇಡ' ಎಂಬ ಉದ್ದ ಪಟ್ಟಿಯ ಬದಲು, ಮಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿ: 'ಯಾರಾದರೂ ಗ್ಲಾಸು ಮುಂದೆ ಹಿಡಿದರೆ ಯಾವ ಮಾತಿನಲ್ಲಿ ಬೇಡವೆನ್ನುತ್ತೀ? ನಿನ್ನ ಗುಂಪಿನವರು ಇನ್ನೊಬ್ಬ ಹುಡುಗಿಯನ್ನು ಅವಮಾನಿಸಿದರೆ ಏನು ಮಾಡುತ್ತೀ? ಮಧ್ಯರಾತ್ರಿ ಭಯವಾದರೆ ಯಾರಿಗೆ ಫೋನ್ ಮಾಡುತ್ತೀ?' ಉತ್ತರಗಳನ್ನು ಅವಳೇ ಹುಡುಕಲಿ. ಮನೆಯ ಚಾಪೆಯ ಮೇಲೆ ಒಮ್ಮೆ ಬಾಯಿಬಿಟ್ಟು ಹೇಳಿದ ಮಾತು ಅಪರಿಚಿತರ ನಡುವೆ ಬೇಗ ನೆನಪಿಗೆ ಬರುತ್ತದೆ. ಮೂರನೆಯ ಪ್ರಶ್ನೆಗೆ ಉತ್ತರವಾಗಿ ಅವಳು ನಿಮ್ಮ ಹೆಸರು ಹೇಳಬೇಕಾದರೆ, ತಪ್ಪು ಮಾಡಿ ಫೋನ್ ಮಾಡಿದರೂ ಅಮ್ಮ ಮೊದಲು ಬಯ್ಯುವುದಿಲ್ಲ, ಮೊದಲು ಕೇಳಿಸಿಕೊಳ್ಳುತ್ತಾಳೆ ಎಂಬ ಭರವಸೆ ಅವಳಿಗಿರಬೇಕು. ಆ ಭರವಸೆಯನ್ನು ಇಂದೇ ಕೊಡಿ.